ಎದೆಮಟ್ಟದ ವೇಡರ್: ಬೆಳಿಗ್ಗೆ ಕೊರವ ಮೀನಿಗೆ ಗಾಳ, ಬಿಸಿಲೇರಿದ ಮೇಲೆ ಕೆರೆಯ ಗಿಡ

ಬೂಟು ಸೇರಿಸಿಯೇ ಹೊಲಿದ, ಎದೆಯವರೆಗೆ ಏರುವ, ಭುಜಕ್ಕೆ ಪಟ್ಟಿ ಇರುವ ಹಸಿರು ಬಣ್ಣದ ಪಿವಿಸಿ ವೇಡರ್, ಅಂದರೆ ನೀರಿಗಿಳಿಯಲು ತೊಡುವ ದಿರಿಸು, ಈಗ ಆನ್‌ಲೈನಿನಲ್ಲಿ ಸಲೀಸಾಗಿ ಸಿಗುತ್ತದೆ. ಒಂದೇ ಮಾಲಿಗೆ ಹತ್ತು ಹೆಸರು ಅಂಟಿಸಿ ಮಾರುವುದರಿಂದ ಬ್ರಾಂಡ್ ನೋಡಿ ಪ್ರಯೋಜನವಿಲ್ಲ. ಇಲ್ಲಿ ಹೇಳಿರುವುದೆಲ್ಲ ಆ ಜಾತಿಯ ವೇಡರಿಗೆ ಅನ್ವಯಿಸುತ್ತದೆ. ಮೈಸೂರು-ಮಂಡ್ಯದ ಕೆರೆಗಳಲ್ಲಿ ಜಲಸಸ್ಯಗಳ ಸಮೀಕ್ಷೆ ಮಾಡುವ ವಿದ್ಯಾರ್ಥಿಗಳು, ರಜೆಯಲ್ಲಿ ಅದೇ ಕೆರೆಗೆ ಗಾಳ ಹಾಕುವವರು, ಎರಡನ್ನೂ ಒಂದೇ ದಿನ ಮುಗಿಸಿಕೊಳ್ಳುವವರು ಇದನ್ನು ಕೊಳ್ಳಬೇಕೋ ಬೇಡವೋ ಎಂಬುದೇ ಪ್ರಶ್ನೆ. ನಮ್ಮ ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಗಿಡದ ಕೆಲಸಕ್ಕೆ ಕೊಟ್ಟ ದುಡ್ಡಿಗೆ ಮೋಸವಿಲ್ಲ, ಮೀನಿನ ಕೆಲಸಕ್ಕೆ ಇದು ಬೇಡವೇ ಬೇಡ. ಎರಡೂ ಮಾಡುವವರು ಮೀನು ಮುಗಿಸಿದ ಮೇಲೆಯೇ ಇದಕ್ಕೆ ಕಾಲು ತೂರಿಸಬೇಕು.

ಕಾರಣ ಇದು. ಬೇಸಿಗೆಯಲ್ಲಿ ಕೊರವ ಮೀನು ಇರುವುದೇ ಅಂಚಿನ ಗಿಡಗಳ ನಡುವೆ, ಮೊಣಕಾಲುದ್ದದಿಂದ ಸೊಂಟದುದ್ದದ ನೀರಿನಲ್ಲಿ. ವೇಡರ್ ಹಾಕಿಕೊಂಡು ಇಳಿಯುವ ಜಾಗವೂ ಅದೇ. ದಪ್ಪ ಸೋಲಿನ ಬೂಟು ಕೆಸರಿನಲ್ಲಿ ಹೂತು ಎದ್ದಾಗ ಆಗುವ ಅದುರು ನೀರಿನಲ್ಲಿ ದೂರದವರೆಗೂ ಹೋಗುತ್ತದೆ. ಜೊತೆಗೆ ಹೂಳು ಎದ್ದು ನೀರು ಕದಡುತ್ತದೆ. ಅಷ್ಟಾದ ಮೇಲೆ ಆ ಅಂಚಿನಲ್ಲಿ ಮೀನು ಕಾಯುವುದು ದಂಡ. ಏರಿಯ ಮೇಲೆ ಅಥವಾ ಒಣ ಅಂಗಳದಲ್ಲಿ ಎರಡು ಮಾರು ಹಿಂದೆ ನಿಂತು ಎಸೆದರೆ ಸಿಗುವ ಮೀನು, ನೀರಿಗೆ ಇಳಿದವನಿಗೆ ಸಿಗುವುದಿಲ್ಲ.

ವೇಡರ್ ಕೊಳ್ಳುವವರಲ್ಲಿ ಬಹುಪಾಲು ಜನ ಅಮೆರಿಕದ ಬಾಸ್ ಮೀನಿನ ವಿಡಿಯೋ ನೋಡಿ ಕೊಳ್ಳುತ್ತಾರೆ. ಆ ಬಾಸ್ ನಮ್ಮ ಕೆರೆಗಳಲ್ಲಿಲ್ಲ. ಅದು ಅಲ್ಲಿ ಮಾಡುವ ಕೆಲಸವನ್ನು, ಅಂದರೆ ಗಿಡದ ಮರೆಯಲ್ಲಿ ಹೊಂಚು ಹಾಕಿ ಕಪ್ಪೆ, ಸಣ್ಣ ಮೀನು ನುಂಗುವುದನ್ನು, ಇಲ್ಲಿ ಕೊರವ ಮಾಡುತ್ತದೆ. ಹಾಗಾಗಿ ಬಾಸ್‌ಗೆಂದು ಮಾಡಿದ ರಬ್ಬರ್ ಕಪ್ಪೆ ಇಲ್ಲಿ ಚೆನ್ನಾಗಿಯೇ ನಡೆಯುತ್ತದೆ. ಆದರೆ ಒಂದು ವ್ಯತ್ಯಾಸ ಮರೆಯಬಾರದು. ಬಾಸ್ ಕಿವಿರಿನಲ್ಲೇ ಉಸಿರಾಡಬೇಕು. ದಟ್ಟ ಗಿಡದ ನಡುವೆ ರಾತ್ರಿಯೆಲ್ಲ ಆಮ್ಲಜನಕ ಇಳಿದು ಬೆಳಗಿನ ಜಾವ ತೀರಾ ಕಡಿಮೆಯಾದಾಗ ಅದು ಅಲ್ಲಿಂದ ಸರಿಯುತ್ತದೆ. ಕೊರವ ಮೇಲೆ ಬಂದು ಗಾಳಿಯನ್ನೇ ನುಂಗುವ ಮೀನು, ಅದಕ್ಕೆ ಆ ತೊಂದರೆಯಿಲ್ಲ. ಅಂತರಗಂಗೆ (ವಾಟರ್ ಹಯಸಿಂತ್) ಮುಚ್ಚಿ ನಾರುವ ಮೂಲೆಯಲ್ಲೂ ಕೂತಿರುತ್ತದೆ. "ಬೇಸಿಗೆಯಲ್ಲಿ ಆಳಕ್ಕೆ ಎಸೆಯಿರಿ" ಎಂಬ ವಿಡಿಯೋ ಪಾಠ ನಮ್ಮ ಕೆರೆಗೆ ಹೊಂದುವುದಿಲ್ಲ. ಆಳಕ್ಕೆ ಎಸೆಯುವುದೇ ಬೇಡವಾದ ಮೇಲೆ, ಆಳದ ಹತ್ತಿರ ಹೋಗಲು ವೇಡರ್ ಯಾಕೆ?

ದಿನದ ಹೊಂದಾಣಿಕೆ ಹೀಗಿದ್ದರೆ ಒಳ್ಳೆಯದು. ಬೆಳಕು ಹರಿಯುವ ಹೊತ್ತಿಗೆ ಏರಿಯ ಮೇಲಿರಬೇಕು. ಎಂಟೂವರೆಯವರೆಗೆ ಗಾಳ. ಆ ಮಧ್ಯೆಯೇ ನೈದಿಲೆಯ ಫೋಟೊ ಮುಗಿಸಿಕೊಳ್ಳಬೇಕು, ಏಕೆಂದರೆ ನಿಂಫಿಯಾ ಪ್ಯೂಬೆಸೆನ್ಸ್ ರಾತ್ರಿ ಅರಳಿ ಬಿಸಿಲೇರುತ್ತಿದ್ದಂತೆ ಮುಚ್ಚಿಕೊಳ್ಳುತ್ತದೆ. ನಿಂಫಿಯಾ ನೌಚಾಲಿ ಉಲ್ಟಾ, ಹಗಲು ಅರಳುವ ಹೂವು, ಅದಕ್ಕೆ ಅವಸರವಿಲ್ಲ. ಹೂ ಮುಚ್ಚಿದ್ದರೆ ಎಲೆ ಮಗುಚಿ ನೋಡಿ: ಪ್ಯೂಬೆಸೆನ್ಸ್ ಎಲೆಯ ಅಡಿಭಾಗ ರೋಮ ರೋಮವಾಗಿ ಕೈಗೆ ಸಿಗುತ್ತದೆ, ಅಂಚು ಚೂಪು ಹಲ್ಲಿನಂತಿರುತ್ತದೆ. ಒಂಬತ್ತರ ಮೇಲೆ ವೇಡರ್ ಹಾಕಿ ಹಗ್ಗ ಎಳೆದು ಸಮೀಕ್ಷೆ ಶುರು. ಹನ್ನೊಂದರೊಳಗೆ ನೀರಿನಿಂದ ಆಚೆ. ಏಪ್ರಿಲ್ ಬಿಸಿಲಿನಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಪಿವಿಸಿ ಒಳಗೆ ಇರುವುದು ಆರೋಗ್ಯಕ್ಕೆ ಒಳ್ಳೆಯದಲ್ಲ.

ಇನ್ನು ವೇಡರನ್ನೇ ಬಿಡಿಸಿ ನೋಡೋಣ. ಒಣಗಿದ್ದಾಗ ತೂಕ ಎರಡೂವರೆ ಕಿಲೋ ಆಸುಪಾಸು. ಎದೆಯ ಒಳಗೆ ಒಂದು ಜೇಬು, ಅದಕ್ಕೆ ಮೊಬೈಲ್ ಹಾಕಬೇಡಿ, ಬೆವರಿನಲ್ಲೇ ನೆನೆಯುತ್ತದೆ. ಭುಜದ ಪಟ್ಟಿ ಎಲಾಸ್ಟಿಕ್, ಬಕಲ್ ಪ್ಲಾಸ್ಟಿಕ್. ಮೊದಲು ಮುರಿಯುವುದು ಈ ಬಕಲ್. ಚೀಲ ರಿಪೇರಿ ಮಾಡುವವರ ಹತ್ತಿರ ಅದೇ ಅಳತೆಯ ದಪ್ಪ ಬಕಲ್ ಹಾಕಿಸಿಕೊಂಡರೆ ಆ ಗೋಳು ಮುಗಿಯಿತು. ಸೊಂಟದ ಬೆಲ್ಟ್ ಜೊತೆಗೆ ಬಂದರೂ ಬರಬಹುದು, ಬರದಿದ್ದರೂ ಬರದಿರಬಹುದು. ಬರದಿದ್ದರೆ ಬೇರೆ ಕೊಂಡು ಹಾಕಲೇಬೇಕು. ಕಾಲು ಜಾರಿ ಬಿದ್ದಾಗ ಎದೆಯ ಬಾಯಿಂದ ನುಗ್ಗುವ ನೀರನ್ನು ಸೊಂಟದ ಹತ್ತಿರ ತಡೆಯುವುದು ಈ ಬೆಲ್ಟ್ ಮಾತ್ರ. ವೇಡರಿನಲ್ಲಿ ನೀರು ತುಂಬಿದರೆ ಅದು ಮನುಷ್ಯನನ್ನು ಕೆಳಕ್ಕೆ ಎಳೆದುಬಿಡುತ್ತದೆ ಎಂಬ ಮಾತು ಪೂರ್ತಿ ನಿಜವಲ್ಲ. ಒಳಗಿನ ನೀರಿಗೂ ಹೊರಗಿನ ನೀರಿಗೂ ತೂಕ ಒಂದೇ. ಆದರೆ ಈಜಲು ಕಾಲು ಆಡುವುದಿಲ್ಲ, ದಡ ಹತ್ತುವಾಗ ಆ ನೀರಿನಷ್ಟೂ ಭಾರವನ್ನು ಹೊತ್ತೇ ಹತ್ತಬೇಕು. ಅಪಾಯ ಇರುವುದು ಅಲ್ಲಿ. ಲೈಫ್ ಜಾಕೆಟ್ ಹಾಕಿ, ಒಬ್ಬರೇ ಇಳಿಯಬೇಡಿ.

ಸೋರುವ ಜಾಗಗಳು ಎರಡು: ತೊಡೆ ಸಂದಿಯಲ್ಲಿ ನಾಲ್ಕು ಹೊಲಿಗೆ ಕೂಡುವ ಕಡೆ, ಬೂಟಿಗೂ ಕಾಲಿಗೂ ಬೆಸುಗೆ ಹಾಕಿದ ಕಡೆ. ಹಳೆಯದಾದಂತೆ ಮೊಣಕಾಲಿನ ಹಿಂಭಾಗವೂ ಸೀಳುತ್ತದೆ, ಮಡಚಿ ಇಟ್ಟ ಗೆರೆಯಲ್ಲೇ. ಆದರೆ "ಮೊದಲ ದಿನವೇ ಸೋರಿತು" ಎಂದು ಬರೆಯುವ ಎಷ್ಟೋ ಜನರ ವೇಡರ್ ಸೋರಿರುವುದೇ ಇಲ್ಲ. ಪಿವಿಸಿ ಉಸಿರಾಡುವುದಿಲ್ಲ. ಮುಕ್ಕಾಲು ಗಂಟೆಯಲ್ಲಿ ಒಳಗಿನ ಪ್ಯಾಂಟು ಬೆವರಿನಲ್ಲಿ ತೊಪ್ಪೆಯಾಗುತ್ತದೆ. ತಿಳಿಯುವ ಉಪಾಯ ಸುಲಭ: ಎರಡೂ ಕಾಲು ಒಂದೇ ಸಮ ಒದ್ದೆಯಾಗಿದ್ದರೆ ಬೆವರು, ಒಂದೇ ಕಾಲ್ಚೀಲ ಹಿಂಡಿದರೆ ನೀರು ಸುರಿಯುವಷ್ಟಿದ್ದರೆ ತೂತು. ಒಳಗೆ ಜೀನ್ಸ್ ಬೇಡ. ತೆಳ್ಳಗಿನ ಟ್ರ್ಯಾಕ್ ಪ್ಯಾಂಟು, ಮೊಣಕಾಲವರೆಗಿನ ಕಾಲ್ಚೀಲ ಸಾಕು. ದಡದ ಬಿಸಿಲಿನಲ್ಲಿ ಇದನ್ನು ಹಾಕಿಕೊಂಡು ನಡೆಯುವುದು ಶಿಕ್ಷೆ. ನೀರಿನಂಚಿನಲ್ಲೇ ಹಾಕಿ, ನೀರಿನಂಚಿನಲ್ಲೇ ಬಿಚ್ಚಿ. ದಡದಲ್ಲಿ ಹಾಕಿಕೊಂಡು ನಡೆಯದಿದ್ದರೆ ಇನ್ನೊಂದು ಲಾಭವೂ ಉಂಟು: ಕೆರೆ ಏರಿಯ ಮೇಲೆ ಸೀಮೆಜಾಲಿ ಮುಳ್ಳು ಬಿದ್ದಿರುವುದು ಮಾಮೂಲು, ಅದರ ಒಂದೇ ಒಂದು ಮುಳ್ಳು ಪಿವಿಸಿಯನ್ನು ಸೂಜಿಯಷ್ಟು ಸಲೀಸಾಗಿ ದಾಟುತ್ತದೆ. ತೂತು ಕಣ್ಣಿಗೂ ಕಾಣುವುದಿಲ್ಲ. ನಿಯೋಪ್ರೀನ್ ವೇಡರ್ ಬಗ್ಗೆ ಕೇಳುವವರಿಗೆ ಒಂದೇ ಮಾತು: ಅದು ಚಳಿ ದೇಶದ ನೀರಿಗೆ ಮಾಡಿದ್ದು, ಮಂಡ್ಯದ ಬೇಸಿಗೆಗಲ್ಲ.

ವೇಡರಿಗಿಂತ ಮೊದಲು ಕೈಗೆ ಬರಬೇಕಾದ್ದು ಆರಡಿ ಬಿದಿರು ಕೋಲು. ಹತ್ತು ಸೆಂಟಿಮೀಟರಿಗೆ ಒಂದರಂತೆ ಪೇಂಟಿನ ಗೆರೆ ಹಾಕಿಕೊಳ್ಳಿ. ಪ್ರತಿ ಹೆಜ್ಜೆಗೂ ಮುಂದೆ ಊರಿ ನೋಡಬೇಕು. ಕೈ ಭಾರಕ್ಕೇ ಕೋಲು 25 ಸೆಂಟಿಮೀಟರಿಗಿಂತ ಹೆಚ್ಚು ಹೂಳಿನಲ್ಲಿ ಇಳಿದರೆ ಅಲ್ಲಿಗೆ ನಿಲ್ಲಿಸಿ. ಕೋಲು ಎತ್ತಿದಾಗ ಗುಳ್ಳೆ ಎದ್ದು ಕೊಳೆತ ಮೊಟ್ಟೆಯ ವಾಸನೆ ಬಂದರೆ, ಕೆಳಗೆ ಕೊಳೆತ ಗಿಡದ ಕಪ್ಪು ಹೂಳು ತುಂಬಾ ಇದೆ ಎಂದು ಅರ್ಥ. ಕಾಲು ಹೂತರೆ ನೇರ ಮೇಲಕ್ಕೆ ಕೀಳಬೇಡಿ. ಬೂಟಿನ ಕೆಳಗೆ ಗಾಳಿಯಿಲ್ಲದೆ ಕೆಸರು ಹಿಡಿದುಕೊಂಡಿರುತ್ತದೆ, ಕಿತ್ತಷ್ಟೂ ಬೆಸುಗೆ ಬಿಡುತ್ತದೆ. ಕೋಲಿನ ಮೇಲೆ ಭಾರ ಹಾಕಿ, ಹಿಮ್ಮಡಿಯನ್ನು ಎಡಕ್ಕೆ ಬಲಕ್ಕೆ ತಿರುಚಿ, ಸಂದಿಯಲ್ಲಿ ನೀರು ಇಳಿಯಲು ಬಿಟ್ಟು, ಬಂದ ದಾರಿಯಲ್ಲೇ ಹಿಂದಕ್ಕೆ ಎಳೆದುಕೊಳ್ಳಿ.

ಕೆಸರಿಗಿಂತ ಕೆಟ್ಟದ್ದು ಗುಂಡಿ. ಬೇಸಿಗೆಯಲ್ಲಿ ಹೂಳೆತ್ತಲು, ಮಣ್ಣು ಸಾಗಿಸಲು ಜೆಸಿಬಿ ಬಗೆದ ಗುಂಡಿಗಳು ಕೆರೆಯಂಗಳದ ತುಂಬಾ ಇರುತ್ತವೆ. ನೀರು ಬಂದು ಮುಚ್ಚಿದ ಮೇಲೆ ಮೊಣಕಾಲುದ್ದದ ನೀರಿನ ಪಕ್ಕದಲ್ಲೇ ಆಳುದ್ದದ ನೀರು ಇರುತ್ತದೆ, ಅಂಚು ಗೋಡೆಯಂತೆ ನೆಟ್ಟಗೆ. ಊರಿನವರನ್ನು ಕೇಳಿ, ಎಲ್ಲಿ ಬಗೆದಿದ್ದಾರೆ ಎಂದು ದನ ಮೇಯಿಸುವವರಿಗೆ ಚೆನ್ನಾಗಿ ಗೊತ್ತಿರುತ್ತದೆ. ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ಅಚ್ಚುಕಟ್ಟಿನ ಕೆರೆಗಳಲ್ಲಿ ಇನ್ನೊಂದು ವಿಚಾರ: ಕಟ್ಟು ಪದ್ಧತಿಯಲ್ಲಿ ನಾಲೆಗೆ ನೀರು ಬಿಟ್ಟಾಗ ಕೆರೆ ಮಟ್ಟ ಏರುತ್ತದೆ, ನಿಲ್ಲಿಸಿದಾಗ ಇಳಿಯುತ್ತದೆ. ಹೋದ ವಾರ ತೊಡೆಯುದ್ದ ಇದ್ದ ಜಾಗ ಈ ವಾರ ಹಾಗೇ ಇರುತ್ತದೆ ಎಂದುಕೊಳ್ಳಬಾರದು. ನಮ್ಮ ಲೆಕ್ಕದಲ್ಲಿ ವೇಡರ್ ಎದೆಮಟ್ಟದ್ದಾದರೂ ನೀರು ತೊಡೆಮಟ್ಟ ದಾಟುವಂತಿಲ್ಲ. ಉಳಿದದ್ದು ಬಿದ್ದಾಗ ಕಾಯಲಿಕ್ಕೆ.

ಯಾವ ನೀರಿಗೆ ಇಳಿಯಲೇಬಾರದು ಎಂಬುದೂ ವಿಮರ್ಶೆಯ ಭಾಗವೇ. ಕಾವೇರಿಯಲ್ಲಿ ಮೊಸಳೆಗಳಿವೆ. ಹೊಳೆ, ಹಿನ್ನೀರು, ಹೊಳೆಗೆ ಕೂಡಿಕೊಂಡ ನಾಲೆಗಳಲ್ಲಿ ಸೊಂಟದುದ್ದ ನಿಂತು ಗಿಡ ಎಣಿಸುವ ಧೈರ್ಯ ಯಾರೂ ಮಾಡಬಾರದು. ರಂಗನತಿಟ್ಟು ಪಕ್ಷಿಧಾಮ, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿದ ಜಾಗ, ಅಲ್ಲಿ ಗಾಳದ ಮಾತೇ ಇಲ್ಲ, ಗಿಡ ಕೀಳಬೇಕಾದರೂ ಅರಣ್ಯ ಇಲಾಖೆಯ ಅನುಮತಿ ಬೇಕು. ಕುಕ್ಕರಹಳ್ಳಿ, ಕಾರಂಜಿ ಕೆರೆಗಳನ್ನು ದಡದ ದಾರಿಯಿಂದ ಬೈನಾಕ್ಯುಲರ್‌ನಲ್ಲಿ ನೋಡಿ ಗಿಡ ಗುರುತಿಸಲು ಇಟ್ಟುಕೊಳ್ಳಿ. ತೊಣ್ಣೂರು ಕೆರೆಯಂಥ ಆಳದ ನೀರಿಗೂ ವೇಡರ್ ಉಪಯೋಗವಿಲ್ಲ. ಇದಕ್ಕೆ ಸರಿಯಾದ ಜಾಗ ಹಳ್ಳಿಯ ಮಣ್ಣು ಕೆರೆ, ಕೋಡಿಯ ಕಡೆಯ ಇಳಿಜಾರು ಅಂಚು. ಅಲ್ಲೂ ಮೀನಿನ ಹಕ್ಕು ಸಹಕಾರ ಸಂಘಕ್ಕೋ ಗುತ್ತಿಗೆದಾರರಿಗೋ ಹೋಗಿರುತ್ತದೆ. ಅವರನ್ನು ಕೇಳದೆ ಗಾಳ ಬಿಚ್ಚಬೇಡಿ. ಗಿಡದ ಕೆಲಸ ಎಂದರೂ ಒಂದು ಮಾತು ಹೇಳಿಬಿಡಿ, ಬಲೆ ಎಲ್ಲಿ ಬಿಟ್ಟಿದ್ದಾರೆ ಎಂದು ಅವರೇ ತೋರಿಸುತ್ತಾರೆ. ಬೂಟಿಗೆ ಬಲೆ ಸುತ್ತಿಕೊಂಡರೆ ಬಲೆಯೂ ಹೋಯಿತು, ನಿಮ್ಮ ಮರ್ಯಾದೆಯೂ ಹೋಯಿತು.

ಗಿಡದ ಕೆಲಸದಲ್ಲಿ ವೇಡರ್ ಕೊಡುವ ಅನುಕೂಲ ನಿಜವಾಗಿಯೂ ದೊಡ್ಡದು. ಎರಡೂ ಕೈ ಖಾಲಿ ಇರುತ್ತವೆ, ಜಿಗಣೆ ಕಾಟವಿಲ್ಲ, ಒಡೆದ ಬಾಟಲಿ ಚೂರಿನ ಭಯ ಕಡಿಮೆ, ಚರಂಡಿ ನೀರು ಸೇರುವ ಕೆರೆಗಳಲ್ಲಿ ಚರ್ಮಕ್ಕೆ ತುರಿಕೆಯಿಲ್ಲ. ಐವತ್ತು ಮೀಟರ್ ನೈಲಾನ್ ಹಗ್ಗಕ್ಕೆ ಐದು ಮೀಟರಿಗೊಂದು ಬಣ್ಣದ ಬಟ್ಟೆ ಕಟ್ಟಿ, ದಡದಿಂದ ನೀರಿನ ಕಡೆಗೆ ಎಳೆಯಿರಿ. ಒಳಗಿನ ಗಿಡ ಎಣಿಸಲು ನೀರಿನಲ್ಲಿ ಇಡುವ ಚೌಕಕ್ಕೆ ಅರ್ಧ ಇಂಚಿನ ಪಿವಿಸಿ ಪೈಪು ಸಾಕು, ಒಂದು ಮೀಟರ್ ಬದಿ. ಎಲ್ಬೋಗಳನ್ನು ಗಟ್ಟಿಯಾಗಿ ಅಂಟಿಸಿದರೆ ಒಳಗಿನ ಗಾಳಿಗೆ ತೇಲುತ್ತದೆ, ಅಂಟಿಸದೆ ಬರೀ ಸಿಕ್ಕಿಸಿದರೆ ನೀರು ಕುಡಿದು ಮುಳುಗುತ್ತದೆ. ತೊಡೆಮಟ್ಟ ದಾಟಿದ ನೀರಿಗೆ ಕುಂಟೆ ಎಸೆತ: ತೋಟದ ಎರಡು ಕಬ್ಬಿಣದ ಹಲ್ಲುಕುಂಟೆಗಳನ್ನು ಬೆನ್ನಿಗೆ ಬೆನ್ನು ಬೆಸೆಯಿಸಿ, ಹಿಡಿ ತೆಗೆದು, ಹದಿನೈದು ಮೀಟರ್ ಹಗ್ಗ ಕಟ್ಟಿ. ಎಸೆದು, ತಳ ಮುಟ್ಟಲು ಬಿಟ್ಟು, ನಿಧಾನ ಎಳೆಯಿರಿ. ಒಂದೆರಡು ಎಳೆ ಸಿಕ್ಕರೆ 1, ಹಲ್ಲುಗಳ ಉದ್ದಕ್ಕೂ ಗಿಡ ಇದ್ದರೆ 2, ಹಲ್ಲೇ ಕಾಣದಿದ್ದರೆ 3. ಹಗ್ಗದ ತುದಿಯನ್ನು ಮೈಗೆ ಕಟ್ಟಿಕೊಳ್ಳಬೇಡಿ.

ಆ ಅಂಕೆಗಳೇ ಮುಂದಿನ ವಾರದ ಗಾಳದ ನಕ್ಷೆ. ಎರಡು ಕೆಲಸ ನಿಜವಾಗಿ ಕೂಡುವುದು ಈ ಜಾಗದಲ್ಲಿ. ನೈದಿಲೆ ಎಲೆಗಳ ಹಾಸು ಮುಗಿದು ಬಯಲು ನೀರು ಶುರುವಾಗುವ ಗೆರೆ, ಜೊಂಡಿನ ನಡುವೆ ತಟ್ಟೆಯಗಲ ತೆರೆದ ಕಿಂಡಿ, ಅಂತರಗಂಗೆಯ ನೆರಳಿನ ಅಂಚು, ಇವು ಕೊರವನ ಜಾಗ. ನೀರಿನಡಿ ಬೆಳೆಯುವ ಹೈಡ್ರಿಲ್ಲಾ ಗಿಡ ಮೂರರ ಅಂಕೆಯಲ್ಲಿದ್ದು ನೀರಿನ ಮೇಲ್ಮೈಗೆ ಬಂದಿದ್ದರೆ ಟೊಳ್ಳು ಮೈಯ ಕಪ್ಪೆ ಬಿಟ್ಟು ಬೇರೇನೂ ನಡೆಯದು. ಒಂದಡಿ ಕೆಳಗಿದ್ದರೆ ಕೊಕ್ಕೆಯ ಮೊನೆ ಒಳಗೆ ಹುದುಗಿಸಿದ ಮೆತ್ತನೆ ರಬ್ಬರ್ ಮೀನು ಎಳೆಯಬಹುದು. ಸೆರಾಟೋಫಿಲ್ಲಮ್ ಎಂಬ ಇನ್ನೊಂದು ನೀರಿನಡಿಯ ಗಿಡಕ್ಕೆ ಬೇರಿಲ್ಲ, ಗಾಳಿ ಬೀಸಿದ ಕಡೆಗೆ ಸರಿಯುತ್ತದೆ, ಹಾಗಾಗಿ ಅದರ ನಕ್ಷೆ ನಾಲ್ಕು ದಿನಕ್ಕೆ ಹಳತು. ಹೈಡ್ರಿಲ್ಲಾ ಅದಲ್ಲ ಎಂದು ಗುರುತಿಸಲು ಬೆರಳ ನಡುವೆ ಎಳೆದು ನೋಡಿ: ಹೈಡ್ರಿಲ್ಲಾದಲ್ಲಿ ಕಾಂಡದ ಪ್ರತಿ ಸುತ್ತಿನಲ್ಲೂ ಮೂರರಿಂದ ಎಂಟು ಬಿಡಿ ಎಲೆ, ಅಂಚು ಒರಟು. ಸೆರಾಟೋಫಿಲ್ಲಮ್ ಎಲೆ ಕವಲೊಡೆದು ನಾಯಿಬಾಲದಂತೆ ತುದಿಯಲ್ಲಿ ಒತ್ತಾಗಿರುತ್ತದೆ. ಎಳೆದಾಗ ಗರಗರ ಎಂದು ಸುಣ್ಣ ಹತ್ತಿ, ಬೆಳ್ಳುಳ್ಳಿಯಂಥ ವಾಸನೆ ಬಂದರೆ ಅದು ಕೇರಾ, ಪಾಚಿಯ ಬಳಗ.

ರಬ್ಬರ್ ಕಪ್ಪೆಯ ಬಗ್ಗೆ ಎರಡು ಮಾತು ಸಾಕು. 50ರಿಂದ 60 ಮಿಲಿಮೀಟರ್, ಹತ್ತು ಹದಿನೈದು ಗ್ರಾಮಿನದು, ಮೇಲ್ಮುಖ ಜೋಡಿ ಕೊಕ್ಕೆ. ದಾರ 40 ಪೌಂಡ್ ತಡೆಯುವ ಬ್ರೇಡ್ (ಹೆಣೆದ ದಾರ), ರಾಡ್ ಏಳಡಿಯ, ತುಸು ಗಟ್ಟಿಯಾದ ಮೀಡಿಯಂ ಹೆವಿ. ಎಸೆತಗಳ ನಡುವೆ ಹೊಟ್ಟೆ ಹಿಸುಕಿ ನೀರು ತೆಗೆಯದಿದ್ದರೆ ಮುಳುಗುತ್ತದೆ. ಮೀನು ಬಡಿದ ತಕ್ಷಣ ಎಳೆದರೆ ಬರಿಗೈ, ದಾರ ಬಿಗಿಯಾಗುವವರೆಗೆ ಒಂದು ಕ್ಷಣ ತಡೆಯಿರಿ. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿಬಿಟ್ಟರೆ ಬಿಡಿಸುವುದು ಸುಲಭ. ನೀರಿನ ಮೇಲೆ ಕೆಂಪು-ಕಿತ್ತಳೆ ಮರಿಗಳ ಗುಂಪು ಕುದಿಯುವಂತೆ ಕಂಡರೆ ಕೆಳಗೆ ತಾಯಿತಂದೆ ಕಾವಲಿರುತ್ತವೆ. ಅಲ್ಲಿ ಗಾಳ ಹಾಕುವುದು ಹೇಸಿಗೆಯ ಕೆಲಸ. ಆ ಗುಂಪನ್ನೂ, ನೀರಿನಡಿಯ ಗಿಡದ ಹಾಸನ್ನೂ ಕಾಣಿಸುವ ಕಂದು ಗಾಜಿನ ಪೋಲರೈಸ್ಡ್ ಕನ್ನಡಕ ನಮ್ಮ ಪ್ರಕಾರ ವೇಡರಿಗಿಂತ ಮೊದಲು ಕೊಳ್ಳಬೇಕಾದ ಸಾಮಾನು.

ತಂದ ಗಿಡ ಕೆಡುವುದು ದಾರಿಯಲ್ಲೇ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಬೈಕಿನ ಪೆಟ್ಟಿಗೆಯಲ್ಲಿಟ್ಟರೆ ಮಧ್ಯಾಹ್ನಕ್ಕೆ ಬೆಂದ ಸೊಪ್ಪು. ಮೀನಿಗೆಂದು ತಂದ ಥರ್ಮಾಕೋಲ್ ಪೆಟ್ಟಿಗೆಯಲ್ಲೇ ಇಡಬಹುದು, ಆದರೆ ಐಸಿನ ಮೇಲೆ ದಪ್ಪ ಬಟ್ಟೆ ಹಾಸಿ. ಮೀನಿನ ಜೊತೆ ಬೇಡ, ಲೋಳೆ ಹತ್ತಿದ ಗಿಡದ ಮೇಲೆ ಬೂಸ್ಟು ಬರುತ್ತದೆ. ಒತ್ತಿ ಒಣಗಿಸಿ ಇಡಬೇಕಾದ ಎಳೆಎಳೆಯಾದ ಗಿಡಗಳನ್ನು ತಟ್ಟೆಯ ನೀರಿನಲ್ಲಿ ತೇಲಿಸಿ, ಅಡಿಯಿಂದ 42 × 28 ಸೆಂಟಿಮೀಟರ್ ಹಾಳೆ ತೂರಿಸಿ, ಒಂದು ಅಂಚಿನಿಂದ ಓರೆಯಾಗಿ ಎತ್ತಿ. ಮೇಲೆ ಮೇಣದ ಕಾಗದ ಇಡದಿದ್ದರೆ ದಿನಪತ್ರಿಕೆಗೇ ಅಂಟಿಕೊಳ್ಳುತ್ತದೆ. ಅಂತರಗಂಗೆಯ ಉಬ್ಬಿದ ತೊಟ್ಟನ್ನು ಉದ್ದಕ್ಕೆ ಸೀಳಿ ಒತ್ತಿ. ಮೊದಲ ನಾಲ್ಕು ದಿನ ಕಾಗದ ದಿನಾ ಬದಲಾಯಿಸಿ.

ವೇಡರಿನ ಅತಿ ದೊಡ್ಡ ದೋಷ ಸೋರುವುದಲ್ಲ, ಸಾಗಿಸುವುದು. ಬೂಟಿನ ಸೋಲಿನ ಗೀರುಗಳಲ್ಲಿ ಸಿಕ್ಕಿಕೊಂಡ ಒಂದಿಂಚು ಹೈಡ್ರಿಲ್ಲಾ ತುಂಡು ಇನ್ನೊಂದು ಕೆರೆಯಲ್ಲಿ ಗಿಡವಾಗಲು ಸಾಕು. ಕುಂಟೆಯ ಹಲ್ಲು, ಹಗ್ಗದ ಎಳೆ, ಟೊಳ್ಳು ಕಪ್ಪೆಯ ಹೊಟ್ಟೆ, ರೀಲಿನ ದಾರಕ್ಕೂ ಇದೇ ಮಾತು. ಅದೇ ಕೆರೆಯ ದಡದಲ್ಲಿ ತೆಂಗಿನ ನಾರಿನ ಬ್ರಶ್ಶಿನಿಂದ ಸೋಲು ಉಜ್ಜಿ, ಮನೆಯಲ್ಲಿ ನಲ್ಲಿ ನೀರಿನಲ್ಲಿ ತೊಳೆದು, ಮೊದಲು ಒಳಮೈ ಹೊರಗೆ ಮಾಡಿ, ಆಮೇಲೆ ಹೊರಮೈ, ನೆರಳಿನಲ್ಲಿ ಪೂರ್ತಿ ಒಣಗಿಸಿ. ಒಂದೇ ದಿನ ಎರಡು ಕೆರೆ ಬೇಡ. ಬಿಸಿನೀರು ಸುರಿದರೆ ಬೆಸುಗೆ ಬಿಡುತ್ತದೆ, ಬಿಸಿಲಿನಲ್ಲಿ ಹಾಕಿದರೆ ಪಿವಿಸಿ ಬಿರುಸಾಗುತ್ತದೆ. ಬೂಟು ಮೇಲೆ ಮಾಡಿ ತಲೆಕೆಳಗಾಗಿ ನೇತುಹಾಕಿ, ಮಡಚಬೇಡಿ.

ತೂತು ಹುಡುಕಲು ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಒಳಗೆ ಇಳಿಸಿ, ಬೆಳಕು ಚುಕ್ಕೆಯಾಗಿ ಕಾಣುತ್ತದೆ. ಸೈಕಲ್ ಟ್ಯೂಬಿನ ಸಲ್ಯೂಷನ್ ಪಿವಿಸಿಗೆ ನಿಲ್ಲುವುದಿಲ್ಲ. ಗಾಳಿ ತುಂಬುವ ಈಜುಕೊಳ, ಹಾಸಿಗೆಗಳಿಗೆ ಹಚ್ಚುವ ಪಿವಿಸಿ ಅಂಟು, ಅದೇ ಬಟ್ಟೆಯ ತುಂಡು ಬೇಕು. ಮೇಲ್ಮೈ ಉಪ್ಪುಕಾಗದದಲ್ಲಿ ಉಜ್ಜಿ, ಅಂಟು ಹಚ್ಚಿ, ಇಡೀ ರಾತ್ರಿ ಭಾರ ಹೇರಿಡಿ.

ಕೊಳ್ಳುವಾಗ ಚಪ್ಪಲಿ ಅಳತೆಗಿಂತ ಒಂದು ನಂಬರ್ ಹೆಚ್ಚಿನದು ತೆಗೆದುಕೊಳ್ಳಿ, ಎರಡಲ್ಲ. ಎರಡು ಹೆಚ್ಚಾದರೆ ಕೆಸರಿನಲ್ಲಿ ಬೂಟು ಅಲ್ಲೇ ಉಳಿದು ಪಾದ ಮಾತ್ರ ಮೇಲೆ ಬರುತ್ತದೆ, ಬೆಸುಗೆ ಹರಿಯುವುದು ಆಗಲೇ. ಹಾಕಿಕೊಂಡು ಕುಕ್ಕರಗಾಲಿನಲ್ಲಿ ಕೂತು ನೋಡಿ, ತೊಡೆ ಸಂದಿ ಎಳೆಯುವಂತಿದ್ದರೆ ಮೇಲಿನ ಸೈಜು. ಪಾರ್ಸೆಲ್ ಬಂದ ದಿನವೇ ಟಾರ್ಚಿನ ಪರೀಕ್ಷೆ ಮಾಡಿ, ಎರಡೂ ಕಾಲಿನ ಬೆಸುಗೆಯ ಸುತ್ತ ಬೆರಳಾಡಿಸಿ, ಬಕಲ್ ಹತ್ತು ಸಲ ಹಾಕಿ ತೆಗೆಯಿರಿ. ಕೆಸರು ಮುಟ್ಟಿದ ವೇಡರನ್ನು ಯಾವ ಮಾರಾಟಗಾರನೂ ವಾಪಸು ತೆಗೆದುಕೊಳ್ಳುವುದಿಲ್ಲ.